ಸೈಕಾಲಜಿ ಆಯ್ತು, ಈಗ ನರ್ಸಿಂಗ್ ಮಾಡಬಹುದಾ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಗೆಳೆಯರೇ, ಬಿ.ಎ. ಸೈಕಾಲಜಿ ಮುಗಿಸಿ ನರ್ಸಿಂಗ್‌ಗೆ ಹೋಗಬಹುದಾ?

ಹೋಗಬಹುದು. ಆದರೆ ಅಲ್ಲಿ ನಿಮ್ಮ ಡಿಗ್ರಿ ಕೇಳಲ್ಲ, ಪಿಯುಸಿ ಕೇಳ್ತಾರ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿದ್ದರೆ 4 ವರ್ಷದ ಬಿ.ಎಸ್ಸಿ. ನರ್ಸಿಂಗ್. ಆರ್ಟ್ಸ್ ಆಗಿದ್ದರೆ 3 ವರ್ಷದ ಜಿಎನ್‌ಎಂ, ಆಮೇಲೆ ಬೇಕಾದರೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಡಿಗ್ರಿ ಆಗಿದೆ ಅಂತ ಒಂದು ವರ್ಷನೂ ಕಡಿಮೆ ಮಾಡಲ್ಲ. ಸೇರುವ ಮೊದಲು ಕಾಲೇಜಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಅದನಾ ನೋಡ್ರಿ.

'ಮತ್ತ ಮೊದಲಿಂದನಾ?' ಅಂತ ಮನ್ಯಾಗ ಕೇಳ್ತಾರ. ಹೌದು, ಮೊದಲಿಂದನೇ. ಆದರೆ ಓದಿದ್ದು ಹಾಳಾಗಲ್ಲ. ಬರೀ ಬಿ.ಎ. ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಬರಲ್ಲ. ಜಿಎನ್‌ಎಂ ಮಾಡಿದವರನ್ನ 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಆರೋಗ್ಯ ನರ್ಸ್ ಅಂತ ಒಪ್ಪುತ್ತದೆ.

ಜೀವ ಬೇಡ ಅಂದು ವಾರ್ಡಿಗೆ ಬಂದ ಹುಡುಗನಿಗೆ ಸಲೈನ್ ಹಚ್ಚೋರು ಸಿಗ್ತಾರ. ಹಚ್ಚಿ, ಪಕ್ಕದಲ್ಲಿ ಕುಂತು ಕೇಳಿಸಿಕೊಳ್ಳೋರು ನೀವಾಗ್ರಿ.