ದಾಳಿಯ ಮೊದಲ ಗಂಟೆಗಳು: ಅಂಜದೀವ್, 1961



ಕಡಲೇ ಇಲ್ಲದ ಚಾಮರಾಜನಗರ ಜಿಲ್ಲೆಯಲ್ಲಿ ನಿಂತು ಕಡಲಿನಿಂದಲೂ ಆಕಾಶದಿಂದಲೂ ಬಂದ ದಾಳಿಯ ಬಗ್ಗೆ ಮಾತಾಡಲು ಹೊರಟಿದ್ದೇನೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾಯ್ದು, ವೈನಾಡು ದಾಟಿ, ಘಾಟಿ ಇಳಿದರೆ ಕಲ್ಲಿಕೋಟೆಯಲ್ಲಿ ಸಮುದ್ರ ಸಿಗುತ್ತದೆ. ಅದು ಬಿಟ್ಟರೆ ನಮಗೂ ಸಮುದ್ರಕ್ಕೂ ಇರುವುದು ಸಂತೆಯ ಒಣಮೀನಿನ ನಂಟು ಮಾತ್ರ. ಆದರೂ ಈ ವಿಷಯ ನಮಗೆ ತೀರಾ ಹೊರಗಿನದಲ್ಲ. 1961ರ ಡಿಸೆಂಬರ್ 18ರಂದು ಕಾರವಾರದ ಎದುರಿನ ಅಂಜದೀವ್ ನಡುಗಡ್ಡೆಯತ್ತ ಫಿರಂಗಿ ತಿರುಗಿಸಿ ನಿಂತಿದ್ದ ಯುದ್ಧನೌಕೆಯ ಹೆಸರು 'ಮೈಸೂರು', ಅದರ ಲಾಂಛನ ಗಂಡಭೇರುಂಡ. ಆಗ ನಮ್ಮ ರಾಜ್ಯದ ಹೆಸರೂ ಮೈಸೂರು, ನಮ್ಮ ಜಿಲ್ಲೆಯ ಹೆಸರೂ ಮೈಸೂರು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಕಾರವಾರ ಮುಂಬಯಿ ರಾಜ್ಯ ಬಿಟ್ಟು ನಮ್ಮ ರಾಜ್ಯಕ್ಕೆ ಸೇರಿ ಆಗಿನ್ನೂ ಐದೇ ವರ್ಷ.

ಯುದ್ಧದ ಪುಸ್ತಕಗಳನ್ನು ತೆರೆದರೆ ಮೊದಲು ಸಿಗುವುದು ಬಲಾಬಲದ ಪಟ್ಟಿ: ಇಷ್ಟು ಪಡೆ, ಇಷ್ಟು ಹಡಗು, ಇಷ್ಟು ವಿಮಾನ. ಆ ಪಟ್ಟಿ ನೋಡಿ ಯಾರು ಗೆಲ್ಲುತ್ತಾರೆಂದು ಹೇಳಬಹುದು. ಮೊದಲ ದಿನ ಸಾಯುವವರು ಯಾರು, ಯಾಕೆ ಎಂಬುದು ಅದರಲ್ಲಿ ಕಾಣುವುದಿಲ್ಲ. ದಾಳಿ ಶುರುವಾದ ಮೊದಲ ಗಂಟೆಗಳಲ್ಲಿ ಎಲ್ಲಕ್ಕಿಂತ ಮುಂಚೆ ಕೆಡುವುದು ಸುದ್ದಿ ಮತ್ತು ಸನ್ನೆ. ಬಂದ ಸುದ್ದಿಯನ್ನು ನಂಬುವುದಿಲ್ಲ, ತೋರಿಸಿದ ಸನ್ನೆ ಕಾಣುವುದಿಲ್ಲ, ಕಂಡದ್ದು ನಿಜವಾಗಿರುವುದಿಲ್ಲ. ಇಂದು ನನಗೆ ಹೇಳಬೇಕಿರುವುದು ಇಷ್ಟೆ.

ನಮ್ಮ ಮಣ್ಣಿನ ಉದಾಹರಣೆಯನ್ನೇ ಮೊದಲು ಹೇಳುತ್ತೇನೆ. ಚಾಮರಾಜನಗರದಿಂದ ದಕ್ಷಿಣಕ್ಕೆ ಹೊರಟು ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ. ಬಸ್ಸಿನಲ್ಲಿ ಹೋಗಿ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ಈ ರಸ್ತೆ ಇಲ್ಲದ ಕಾಲದಲ್ಲಿ ಮೇಲುನಾಡಿನ ದಂಡು ಕೆಳಕ್ಕೆ ಇಳಿಯುತ್ತಿದ್ದ ಮುಖ್ಯ ದಾರಿ ಗಜ್ಜಲಹಟ್ಟಿ ಕಣಿವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ್ ತನ್ನ ಸೇನೆಯನ್ನು ಇಳಿಸಿದ್ದು ಈ ಕಣಿವೆಯಲ್ಲಿ. ಕೆಳಗೆ ಇಂಗ್ಲಿಷರ ಪಡೆ ಮೂರು ಕಡೆ ಹಂಚಿಹೋಗಿತ್ತು. ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡ್‌ನ ಕುದುರೆ ಸವಾರರು ಟಿಪ್ಪುವಿನ ಚಲನೆಯ ಸುಳಿವು ಹಿಡಿದು ತಂದಿದ್ದರು. ಫ್ಲಾಯ್ಡ್ ಅದನ್ನು ಕೊಯಮತ್ತೂರಿಗೆ ಮತ್ತೆ ಮತ್ತೆ ಬರೆದು ಕಳಿಸಿದ. ಅಲ್ಲಿದ್ದ ಜನರಲ್ ಮೆಡೋಸ್ ನಂಬಲಿಲ್ಲ, ಇದ್ದಲ್ಲೇ ಇರು ಎಂದ. ಸೆಪ್ಟೆಂಬರ್ 13ರಂದು ಫ್ಲಾಯ್ಡ್‌ನ ಎದುರಿಗೆ ಬಂದು ನಿಂತದ್ದು ಟಿಪ್ಪುವಿನ ಮುಖ್ಯ ಸೇನೆಯೇ. ಅವನು ಫಿರಂಗಿಗಳನ್ನು ಬಿಟ್ಟು, ಹೊಡೆದಾಡುತ್ತಲೇ ಹಿಂದೆ ಸರಿಯಬೇಕಾಯಿತು. ಕಣ್ಣಿಗೆ ಬಿದ್ದದ್ದನ್ನು ಬರೆದವನ ಮಾತು ಕುರ್ಚಿಯ ಮೇಲೆ ಕೂತವನಿಗೆ ರುಚಿಸದಿರುವುದು ಇಂದಿನ ಕಚೇರಿಗಳಲ್ಲೂ ನಡೆಯುತ್ತಿರುವುದೇ, ಅದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಕಡಲು ಮತ್ತು ಆಕಾಶದ ದಾಳಿ ಎಂದರೆ ಲೋಕಕ್ಕೆಲ್ಲ ನೆನಪಾಗುವುದು 1944ರ ಜೂನ್ 6, ಫ್ರಾನ್ಸಿನ ನಾರ್ಮಂಡಿ. ಅದರ ಬಗ್ಗೆ ಸಿನಿಮಾಗಳೇ ಸಾಕಷ್ಟಿವೆ, ಹೆಚ್ಚು ಎಳೆಯುವುದಿಲ್ಲ. ನಡುರಾತ್ರಿ ಕಳೆದ ಕೂಡಲೇ ಮೂರು ಡಿವಿಷನ್‌ಗಳ ಪ್ಯಾರಾಚೂಟ್ ಸೈನಿಕರು ಇಳಿಯತೊಡಗಿದರು. ಮೋಡಕ್ಕೂ ವಿಮಾನ ನಿರೋಧಕ ಗುಂಡಿಗೂ ಸಿಕ್ಕಿ ಅಮೆರಿಕದವರು ಮೈಲುಗಟ್ಟಲೆ ಚದುರಿಹೋದರು. ಶತ್ರುವನ್ನು ದಾರಿ ತಪ್ಪಿಸಲು ಬಟ್ಟೆಯ ಗೊಂಬೆಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಬಿಟ್ಟಿದ್ದರು. ಬೆಳಗ್ಗೆ ಆರೂವರೆಗೆ ಒಮಾಹಾ ಕಡಲತೀರಕ್ಕೆ ದೋಣಿಗಳು ತಾಗುವ ಮುನ್ನ ಬಾಂಬರುಗಳು ಬಂದವು. ಮೋಡದಲ್ಲಿ ನೆಲ ಕಾಣದೆ, ತಮ್ಮವರ ಮೇಲೇ ಬಿದ್ದೀತು ಎಂಬ ಅಂಜಿಕೆಯಿಂದ ಕೆಲವು ಕ್ಷಣ ತಡೆದು ಬಾಂಬು ಬಿಟ್ಟವು. ಬಾಂಬು ಬಿದ್ದದ್ದು ಒಳಗಿನ ಹೊಲಗಳಲ್ಲಿ, ದಡದ ಮೆಷಿನ್‌ಗನ್‌ಗಳು ಹಾಗೇ ಉಳಿದವು. ಆ ಒಂದು ತೀರದಲ್ಲೇ ಸತ್ತವರು, ಗಾಯಗೊಂಡವರು ಎರಡು ಸಾವಿರ ಮೀರಿದರು. ಅತ್ತ ಜರ್ಮನ್ ಸೇನಾಪತಿ ರೊಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆಂದು ಊರಿಗೆ ಹೋಗಿದ್ದ. ಇದು ನಿಜವಾದ ದಾಳಿಯಲ್ಲ, ನಿಜವಾದದ್ದು ಬೇರೆಡೆ ಬರುತ್ತದೆ ಎಂದು ಜರ್ಮನ್ ಸೇನೆಯ ಮೇಲಿನವರು ಎಷ್ಟೋ ದಿನ ಎಣಿಸಿಕೊಂಡೇ ಕೂತರು.

ಇನ್ನು ನಮ್ಮ ಕಥೆಗೆ ಬರೋಣ. ಅಂಜದೀವ್ ಕಾರವಾರದ ಬಿಣಗಾ ಬಳಿಯ ಪುಟ್ಟ ನಡುಗಡ್ಡೆ, ದಡದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ. ಸಿಹಿನೀರಿನ ಊಟೆ ಇರುವುದರಿಂದ ಹಿಂದಿನ ಕಾಲದ ಹಡಗಿನವರಿಗೆ ಬೇಕಾದ ಜಾಗ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸ್‌ರಾಯ್ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಲು ಹೊರಟ. 1660ರ ದಶಕದ ಇನ್ನೊಂದು ಸಂಗತಿ ವಿಚಿತ್ರವಾಗಿದೆ. ಮುಂಬಯಿಯನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಆ ಪಡೆ ಅಬ್ರಹಾಂ ಶಿಪ್‌ಮನ್ ಎಂಬವನ ನಾಯಕತ್ವದಲ್ಲಿ ಅಂಜದೀವ್‌ನಲ್ಲಿ ಕಾಯುತ್ತ ಕೂತಿತು. ಯಾರೂ ಅವರ ಮೇಲೆ ಗುಂಡು ಹಾರಿಸಲಿಲ್ಲ. ಕಾಯಿಲೆ ಬಿದ್ದೇ ಶಿಪ್‌ಮನ್‌ನೂ ಅವನ ನೂರಾರು ಸೈನಿಕರೂ ಸತ್ತರು. 1665ರಲ್ಲಿ ಮುಂಬಯಿ ಸೇರಿದವರು ನೂರರ ಆಸುಪಾಸು.

1961ಕ್ಕೆ ಬಂದರೆ, ಗೋವಾ, ದಮನ್, ದಿಯು ಇನ್ನೂ ಪೋರ್ಚುಗಲ್ ಕೈಯಲ್ಲಿದ್ದವು, ಅವುಗಳ ಜೊತೆ ಕಾರವಾರದ ಕಣ್ಣೆದುರಿನ ಈ ನಡುಗಡ್ಡೆಯೂ. ನವೆಂಬರ್ 24ರಂದು ಪಕ್ಕದಲ್ಲಿ ಹಾದುಹೋಗುತ್ತಿದ್ದ 'ಸಾಬರ್ಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಅಂಜದೀವ್‌ನಿಂದ ಗುಂಡು ಹಾರಿತು. ಒಬ್ಬ ಪ್ರಯಾಣಿಕ ಸತ್ತ, ಹಡಗಿನ ಮುಖ್ಯ ಎಂಜಿನಿಯರ್ ಗಾಯಗೊಂಡ. ದಿಲ್ಲಿಯ ತಾಳ್ಮೆ ತೀರುತ್ತ ಬಂತು. ಲಿಸ್ಬನ್ನಿನಲ್ಲಿ ಕೂತಿದ್ದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್, ಗೋವಾದ ಗವರ್ನರ್ ಜನರಲ್ ವಸಾಲು ಎ ಸಿಲ್ವನಿಗೆ ಡಿಸೆಂಬರ್ 14ರಂದು ಸಂದೇಶ ಕಳಿಸಿದ: ಸೈನಿಕರೂ ನಾವಿಕರೂ ಗೆಲ್ಲಬೇಕು, ಇಲ್ಲವೇ ಸಾಯಬೇಕು, ಶರಣಾಗತಿಯ ಮಾತೇ ಇಲ್ಲ. ಆರಾಮಕುರ್ಚಿಯಲ್ಲಿ ಕೂತು ಇಂಥ ಸಂದೇಶ ಬರೆಯುವವರು ಎಲ್ಲ ಕಾಲದಲ್ಲೂ ಸಿಗುತ್ತಾರೆ.

ಡಿಸೆಂಬರ್ 17ರ ರಾತ್ರಿಯಿಂದ 18ರ ನಡುಹಗಲಿನವರೆಗಿನ ಆ ಗಂಟೆಗಳನ್ನು ಈಗ ಸ್ವಲ್ಪ ನಿಧಾನವಾಗಿ ನೋಡೋಣ.

ಗೋವಾವನ್ನು ಬಿಡಿಸಿಕೊಳ್ಳಲು ಹೊರಟ ಭಾರತದ ಪಡೆಗಳಲ್ಲಿ ನೆಲದ ಮೇಲೆ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್, ಅದರ ಜೊತೆ ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾಚೂಟ್ ಬ್ರಿಗೇಡ್. ಬೆಳಗಾವಿಯ ಕಡೆ ಸೇನೆಯ ಲಾರಿಗಳು ದಿನಗಟ್ಟಲೆ ಸಾಲುಗಟ್ಟಿದ್ದವು. ಆಕಾಶದಿಂದ ಇಳಿಯಲು ತರಬೇತಾದ ಬ್ರಿಗೇಡ್ ಗೋವಾದಲ್ಲಿ ಒಂದು ಪ್ಯಾರಾಚೂಟನ್ನೂ ಬಿಚ್ಚಲಿಲ್ಲ, ಗಡಿ ದಾಟಿ ನೆಲದ ಮೇಲೇ ಸಾಗಿತು. ಉತ್ತರದ ಕಡೆಯಿಂದ ಮುಖ್ಯ ಪಡೆಗೆ ನೆರವಾಗುವುದು ಅದರ ಕೆಲಸವಾಗಿತ್ತು. ಮುಖ್ಯ ಪಡೆ ಕಿತ್ತುಹಾಕಿದ ಸೇತುವೆ, ಹೂತಿಟ್ಟ ಮೈನುಗಳ ನಡುವೆ ಬರುವಷ್ಟರಲ್ಲಿ ಇವರು 18ರ ಸಂಜೆಗೇ ಪಣಜಿಯ ಎದುರು ಮಾಂಡೋವಿ ನದಿ ದಡದ ಬೇತಿಂ ತಲುಪಿದ್ದರು. ಪಕ್ಕವಾದ್ಯದವರೇ ಕಚೇರಿ ಮುಗಿಸಿದ ಹಾಗಾಯಿತು.

ಆಕಾಶದಿಂದ ಬಂದದ್ದು ವಾಯುಪಡೆ. ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಪುಣೆ ಮತ್ತು ಬೆಳಗಾವಿಯ ಸಾಂಬ್ರಾ ನೆಲೆಗಳಲ್ಲಿ ವಿಮಾನಗಳನ್ನು ಕೂಡಿಹಾಕಿದ್ದರು. 18ರ ಬೆಳಗ್ಗೆ 12 ಕ್ಯಾನ್‌ಬೆರಾ ಬಾಂಬರುಗಳು ದಾಬೋಲಿಂ ರನ್‌ವೇ ಮೇಲೆ ಕೆಲವೇ ನಿಮಿಷಗಳಲ್ಲಿ ಸುಮಾರು 28 ಟನ್ ಬಾಂಬು ಸುರಿದವು. ಆದರೆ ನಿಲ್ದಾಣದ ಕಟ್ಟಡಕ್ಕೆ ಪೆಟ್ಟು ಬೀಳಬಾರದು ಎಂಬ ಕಟ್ಟಪ್ಪಣೆ ಇತ್ತು, ನಾಳೆ ಅದು ನಮ್ಮದೇ ತಾನೆ. ಹೀಗಾಗಿ ಅಲ್ಲಿ ನಿಂತಿದ್ದ ಎರಡು ದೊಡ್ಡ ನಾಗರಿಕ ವಿಮಾನಗಳು ಉಳಿದುಕೊಂಡವು. ಆ ರಾತ್ರಿ ರನ್‌ವೇಯ ಹಾಳಾಗದ ತುಂಡಿನಲ್ಲೇ ಓಡಿ ಅವು ಹಾರಿದವು, ಕರಾಚಿ ಸೇರಿದವು. ಇನ್ನೊಂದು ಕಡೆ ಆರು ಹಂಟರ್ ವಿಮಾನಗಳು ಬಾಂಬೋಳಿಂನ ವೈರ್‌ಲೆಸ್ ಕೇಂದ್ರವನ್ನು ನೆಲಸಮ ಮಾಡಿದವು. ಗೋವಾಕ್ಕೂ ಲಿಸ್ಬನ್ನಿಗೂ ಉಳಿದ ಮಾತಿನ ಎಳೆ ಒಂದೇ, ಮುರ್ಮುಗೋವಾದಲ್ಲಿ ಲಂಗರು ಹಾಕಿದ್ದ ಹಳೆಯ ಯುದ್ಧನೌಕೆ 'ಅಫೊನ್ಸೊ ದೆ ಅಲ್ಬುಕರ್ಕ್'ನ ರೇಡಿಯೊ.

ಅಂಜದೀವ್‌ನ ಕೆಲಸ 'ಮೈಸೂರು' ಮತ್ತು 'ತ್ರಿಶೂಲ್' ನೌಕೆಗಳ ಪಾಲಿಗೆ ಬಂತು. 'ಮೈಸೂರು' ಬ್ರಿಟಿಷರಿಂದ ಕೊಂಡ ಕ್ರೂಸರ್, 'ನೈಜೀರಿಯಾ' ಎಂಬ ಹೆಸರಿನಲ್ಲಿ ಎರಡನೇ ಮಹಾಯುದ್ಧ ಕಂಡ ಹಡಗು, 1957ರಲ್ಲಿ ನಮ್ಮ ನೌಕಾಪಡೆ ಸೇರಿತ್ತು. ಆರಂಗುಲದ ಒಂಬತ್ತು ಫಿರಂಗಿ. ಕಾವಲಿದ್ದ ಒಂದು ಸಣ್ಣ ತುಕಡಿಗೆ ಇಷ್ಟು ಸಾಕು, ಬೇಕಾದ್ದಕ್ಕಿಂತ ಹೆಚ್ಚೇ ಆಯಿತು ಎಂದು ಯಾರಾದರೂ ಹೇಳುತ್ತಿದ್ದರು. ಕೊರತೆ ಇದ್ದದ್ದು ಇನ್ನೊಂದು ಕಡೆ. ಕಡಲಿನಿಂದ ಇಳಿದು ನೆಲದ ಮೇಲೆ ಹೋರಾಡಲೆಂದೇ ತಯಾರಾದ ಮರೀನ್ ಪಡೆ ನಮ್ಮಲ್ಲಿ ಇರಲಿಲ್ಲ. ಹಡಗಿನಲ್ಲಿ ದಿನವೂ ಬೇರೆ ಕೆಲಸ ಮಾಡುವ ನಾವಿಕರನ್ನೇ ಆರಿಸಿ, ಬಂದೂಕು ಕೊಟ್ಟು, ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರ ಮುಂದಾಳತ್ವದಲ್ಲಿ ದೋಣಿಗೆ ಹತ್ತಿಸಿದರು.

ದೋಣಿಯಲ್ಲಿ ಕೂತವನ ಸ್ಥಿತಿ ಸ್ವಲ್ಪ ಯೋಚಿಸಿ. ನಡುಗಡ್ಡೆಯ ಮೇಲಿನ ಬಂಡೆ, ಪೊದೆ, ಹಳೇ ಕೋಟೆಯ ಗೋಡೆ, ಇಗರ್ಜಿಯ ಸುಣ್ಣದ ಬಣ್ಣ ಅವನಿಗೆ ಕಾಣುತ್ತದೆ. ಬಂಡೆಯ ಹಿಂದೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ದೋಣಿ ದಡ ಸಮೀಪಿಸುತ್ತಿದ್ದಂತೆ ಹಿಂದಿನ ಹಡಗು ಗುಂಡು ನಿಲ್ಲಿಸಲೇಬೇಕು, ಇಲ್ಲವಾದರೆ ನಮ್ಮವರಿಗೇ ತಗುಲುತ್ತದೆ. ಫಿರಂಗಿ ಸುಮ್ಮನಾಗುವ ಹೊತ್ತಿಗೂ ಕಾಲು ಮರಳಿಗೆ ತಾಗುವ ಹೊತ್ತಿಗೂ ನಡುವೆ ಉಳಿಯುವ ಆ ಕೆಲವು ನಿಮಿಷ ಪೂರಾ ಬಂಡೆಯ ಹಿಂದಿರುವವನ ಕೈಯಲ್ಲಿರುತ್ತವೆ. ನಡುಗಡ್ಡೆಯ ಮೇಲೆ ಬಿಳಿ ಬಾವುಟ ಕಂಡಿತು, ಅದನ್ನು ನಂಬಿ ಮುಂದುವರಿದಾಗ ಮೆಷಿನ್‌ಗನ್ ಗುಂಡು ಬಂತು ಎಂಬುದು ನಮ್ಮ ನೌಕಾಪಡೆಯ ಕಡೆಯಿಂದ ಹೇಳುತ್ತ ಬಂದಿರುವ ವೃತ್ತಾಂತ. ಬೇಕೆಂದೇ ಮಾಡಿದ ಮೋಸವೋ, ಒಂದು ಮೂಲೆಯಲ್ಲಿ ಬಾವುಟ ಎತ್ತಿದ್ದು ಇನ್ನೊಂದು ಮೂಲೆಯವರಿಗೆ ತಿಳಿಯಲಿಲ್ಲವೋ ಎಂಬ ವಾದದ ತೀರ್ಪು ಕೊಡಲು ನಾನು ಹೊರಡುವುದಿಲ್ಲ. ದೋಣಿಯಲ್ಲಿದ್ದವನಿಗಂತೂ ಎರಡೂ ಒಂದೇ. ಏಳು ಜನ ನಾವಿಕರು ಸತ್ತರು, 19 ಮಂದಿ ಗಾಯಗೊಂಡರು. ಮೊದಲ ಯತ್ನ ನಿಂತಿತು. ಹಡಗಿನ ಫಿರಂಗಿಗಳು ಮತ್ತೆ ಮಾತಾಡಿದ ಮೇಲೆಯೇ ನಡುಗಡ್ಡೆ ಕೈಗೆ ಬಂದದ್ದು.

ಅದೇ ದಿನ ನಡುಹಗಲಿಗೆ ಮುರ್ಮುಗೋವಾದಲ್ಲಿ ಇನ್ನೊಂದು ಬಿಳಿ ಬಾವುಟದ ಕಥೆ ನಡೆಯಿತು. 'ಬೇತ್ವಾ', 'ಬಿಯಾಸ್' ನೌಕೆಗಳು ಬಂದರಿನೊಳಕ್ಕೆ ನುಗ್ಗಿ 'ಅಫೊನ್ಸೊ'ವನ್ನು ಹೊಡೆದವು. ಅದರ ಕ್ಯಾಪ್ಟನ್ ಅರಗಾಂವ್ ತೀವ್ರವಾಗಿ ಗಾಯಗೊಂಡ. ಹಡಗನ್ನು ದಡಕ್ಕೆ ತಂದು ಮರಳಿಗೆ ಹತ್ತಿಸಿ ಬಿಳಿ ಬಾವುಟ ಏರಿಸಿದರು. ಬಾವುಟ ಬಿಚ್ಚಿ ಹಾರಲಿಲ್ಲ, ಕಂಬಕ್ಕೆ ಸುತ್ತಿಕೊಂಡಿತು. ನಮ್ಮವರಿಗೆ ಕಾಣಲಿಲ್ಲ, ಗುಂಡು ನಿಲ್ಲಲಿಲ್ಲ. ಒಂದೇ ಹಗಲು, ಒಂದೇ ಕರಾವಳಿ: ಒಂದು ಕಡೆ ಕಂಡ ಬಾವುಟ ನಂಬಿ ನಮ್ಮವರು ಸತ್ತರು, ಇನ್ನೊಂದು ಕಡೆ ಬಾವುಟ ಕಾಣದೆ ಅವರ ಹಡಗು ಇನ್ನಷ್ಟು ಪೆಟ್ಟು ತಿಂದಿತು. ಪುಸ್ತಕಗಳಲ್ಲಿ ಇವೆರಡು ಬೇರೆ ಬೇರೆ ಪುಟಗಳಲ್ಲಿ ಸಿಗುತ್ತವೆ. ಪಕ್ಕಪಕ್ಕ ಇಟ್ಟು ಓದಿದವರನ್ನು ನಾನು ಕಂಡಿಲ್ಲ.

19ರ ರಾತ್ರಿ ವಸಾಲು ಎ ಸಿಲ್ವ ಸಲಜಾರನ ಅಪ್ಪಣೆ ಮೀರಿ ಶರಣಾಗತಿಗೆ ಸಹಿ ಹಾಕಿದ. ನಾಲ್ಕು ಸಾವಿರ ಮೀರಿದ ಅವನ ಸೈನಿಕರು ಬದುಕಿದ್ದು ಆ ಸಹಿಯಿಂದ, ಊರಿಗೆ ಹೋದ ಮೇಲೆ ಅವನನ್ನು ಸೇನೆಯಿಂದಲೇ ಹೊರಹಾಕಿದರು. ಇಡೀ ಕಾರ್ಯಾಚರಣೆಯಲ್ಲಿ ಭಾರತದ ಕಡೆ ಸತ್ತವರ ಸಂಖ್ಯೆ ಸಾಮಾನ್ಯವಾಗಿ ಹೇಳುವಂತೆ 22. ಮೂರರಲ್ಲಿ ಒಂದು ಪಾಲಿನಷ್ಟು ಸಾವು ನಕಾಶೆಯಲ್ಲಿ ಚುಕ್ಕೆಯಾಗಿಯೂ ಕಾಣದ ಅಂಜದೀವ್‌ನಲ್ಲಿ ಆಯಿತು. ಬಲದ ಪಟ್ಟಿ ಓದಿದವನು ಇದನ್ನು ಮೊದಲೇ ಊಹಿಸುತ್ತಿರಲಿಲ್ಲ.

ಅಂಜದೀವ್‌ನಲ್ಲಿ ಕಾಳಗ ಸಹಿಯೊಂದಿಗೆ ಮುಗಿಯಲೂ ಇಲ್ಲ. ಪೋರ್ಚುಗೀಸರ ಕಡೆಯ ಮೂವರು ಸೈನಿಕರು ಬಂಡೆಗಳ ನಡುವೆ ಅಡಗಿ ಉಳಿದಿದ್ದರು. ಒಬ್ಬ ಕಾರ್ಪೊರಲ್ 19ರಂದು ಹೊರಬಂದ, ಇನ್ನೊಬ್ಬ 20ರಂದು ಕೈಬಾಂಬು ಎಸೆದು ಹಲವರನ್ನು ಗಾಯಗೊಳಿಸಿದ ಮೇಲೆ ಸಿಕ್ಕಿಬಿದ್ದ. ಮೂರನೆಯವನು ಗೋವಾದವನೇ ಆದ ಸಾಮಾನ್ಯ ಸಿಪಾಯಿ. ಅವನು ಈಜಿ ನಮ್ಮ ದಡ ಸೇರಿ, 22ರಂದು ಸೆರೆಯಾದ.

'ಮೈಸೂರು' ನೌಕೆ 1985ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಅದೇ ಹೆಸರಿನ ಹೊಸ ನೌಕೆ 1999ರಲ್ಲಿ ಬಂತು. 2005ರಲ್ಲಿ ಕಾರವಾರದಲ್ಲಿ ಐಎನ್‌ಎಸ್ ಕದಂಬ ನೆಲೆ ಶುರುವಾಗಿ, ಅಲೆತಡೆ ಕಟ್ಟಿ ಅಂಜದೀವ್‌ನ್ನು ನೆಲಕ್ಕೇ ಜೋಡಿಸಿದ್ದಾರೆ. ಕಾಣುವುದು ಕಾರವಾರಕ್ಕೆ, ಆಡಳಿತದ ಲೆಕ್ಕದಲ್ಲಿ ಸೇರಿರುವುದು ಗೋವಾಕ್ಕೆ. ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಭಕ್ತರಿಗೂ ಈಗ ನೌಕಾಪಡೆಯ ಅನುಮತಿಯ ಮಾತು.

ಇಲ್ಲಿರುವ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಕೂರುತ್ತೇನೆ. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ತಾಲ್ಲೂಕುಗಳಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರು ಇದ್ದಾರೆ. 1961ರ ಪೀಳಿಗೆಯವರು ಸಿಕ್ಕರೆ ಅದೃಷ್ಟ, ಸಿಗದಿದ್ದರೆ 1965, 1971ರವರು, ಶ್ರೀಲಂಕಾಕ್ಕೆ ಹೋಗಿಬಂದವರು. ಅವರ ಮನೆ ಜಗಲಿಯಲ್ಲಿ ಕೂತು ಪದಕದ ಸುದ್ದಿ ಆಮೇಲೆ ಕೇಳಿ. ಮೊದಲ ದಿನ ಬೆಳಗ್ಗೆ ನಿಮಗೆ ಏನು ಹೇಳಿ ಕಳಿಸಿದ್ದರು, ಹೋದಾಗ ಕಣ್ಣಿಗೆ ಏನು ಬಿತ್ತು ಎಂದು ಕೇಳಿ, ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.