ಊರಿನ ಹಲ್ಲಿನ ವೈದ್ಯರು



ಒಂದು ಊರಿನ ಚರಿತ್ರೆಯನ್ನು ತಿಳಿಯಬೇಕೆಂದು ಹೊರಟವನು ಮೊದಲು ದೇವಸ್ಥಾನಕ್ಕೆ ಹೋಗಿ ಅಲ್ಲಿಯ ಶಾಸನವನ್ನು ಓದುತ್ತಾನೆ. ಅನಂತರ ಕೋಟೆಯನ್ನು ಸುತ್ತುತ್ತಾನೆ. ಅನಂತರ ಹಳೆಯ ಮನೆತನದವರನ್ನು ಕಂಡು, ಕಾಗದಪತ್ರಗಳಿದ್ದರೆ ತೋರಿಸಿರೆಂದು ಕೇಳುತ್ತಾನೆ. ಹಲ್ಲಿನ ವೈದ್ಯರ ಬಾಗಿಲಿಗೆ ಹೋಗಬೇಕೆಂದು ಯಾರಿಗೂ ತೋರುವುದಿಲ್ಲ. ನಮಗೂ ತೋರಿರಲಿಲ್ಲ. ನಾವು ಬೈಲಹೊಂಗಲದಲ್ಲಿ ಅವರ ಬಾಗಿಲಿಗೆ ಹೋದದ್ದು ಚರಿತ್ರೆಗಾಗಿ ಅಲ್ಲ. ಕೆಳದವಡೆಯ ಬಲಗಡೆಯ ಹಲ್ಲಿನ ನೋವಿಗಾಗಿ. ಲವಂಗದ ಎಣ್ಣೆಯನ್ನು ಹಚ್ಚಿಕೊಂಡು, ಇಂದು ಹೋಗೋಣ ನಾಳೆ ಹೋಗೋಣ ಎಂದು ಮೂರು ತಿಂಗಳು ತಳ್ಳಿ, ಕಡೆಗೆ ಒಂದು ರಾತ್ರಿ ನಿದ್ದೆ ಇಲ್ಲದೆ ಕಳೆದು, ಬೆಳಗಾಗುತ್ತಲೇ ಅವರ ಬೆಂಚಿನ ಮೇಲೆ ಕುಳಿತೆವು. ಆ ಬೆಂಚಿನ ಮೇಲೆ ಕೇಳಿದ ಮಾತುಗಳೂ, ಮುಂದೆ ವೈದ್ಯರೊಡನೆ ಬೆಳೆದ ಸ್ನೇಹವೂ ಈ ಹೊತ್ತಿನ ಭಾಷಣಕ್ಕೆ ಕಾರಣವಾಗಿವೆ.

ಬೆಳಗಾವಿ ಜಿಲ್ಲೆಯ ನಕ್ಷೆಯಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಇವು ಪಡುವಣದಿಂದ ಮೂಡಣಕ್ಕೆ ಒಂದರ ಮುಂದೊಂದರಂತೆ ಕಾಣುವ ಊರುಗಳು. ಮಳೆಯ ನಾಡು ಹಿಂದೆ ಉಳಿದು, ಕಪ್ಪು ಎರೆಭೂಮಿಯೂ ಹತ್ತಿ ಜೋಳಗಳೂ ಎದುರಾಗುತ್ತವೆ. ಈ ನಾಲ್ಕು ಊರುಗಳ ಹೆಸರನ್ನು ಹೇಳಿದರೆ ಸಾಕು, ಕನ್ನಡಿಗನ ಮನಸ್ಸಿನಲ್ಲಿ ಒಂದೊಂದು ಚಿತ್ರ ಮೂಡುತ್ತದೆ. 1824ನೆಯ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದನು. ಅದೇ ವರುಷ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿ ಚೆನ್ನಮ್ಮನವರನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲಿಯೇ ಅವರು ತೀರಿಕೊಂಡರು. ಅವರ ಸಮಾಧಿ ಇಂದಿಗೂ ಆ ಊರಿನಲ್ಲಿದೆ. ಸವದತ್ತಿಯೆಂದರೆ ರಟ್ಟರ ಸುಗಂಧವರ್ತಿ, ಯಲ್ಲಮ್ಮನ ಗುಡ್ಡ. ರಾಮದುರ್ಗವು ಭಾವೆ ಮನೆತನದವರು ಆಳಿದ ಸಂಸ್ಥಾನ. ಅದರ ಹತ್ತಿರದ ಸುರೇಬಾನದಲ್ಲಿ 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರು ಮ್ಯಾನ್ಸನ್ ಎಂಬ ಅಧಿಕಾರಿಯನ್ನು ಕೊಂದರು. ಅದೇ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಶಬರಿಯು ಹಣ್ಣುಗಳನ್ನು ಹಲ್ಲಿನಿಂದ ಕಚ್ಚಿ, ಸಿಹಿಯಾದುದನ್ನು ಆರಿಸಿ ಶ್ರೀರಾಮನಿಗೆ ಕೊಟ್ಟಳೆಂಬುದು ಜನರ ನಂಬಿಕೆ. ನಮ್ಮ ವೈದ್ಯರು ಈ ಕಥೆಯನ್ನು ಹೇಳಿ, "ಆ ವಯಸ್ಸಿನಾಗೂ ಆಕೀ ಹಲ್ಲ ಗಟ್ಟಿ ಇದ್ದುವು ನೋಡ್ರಿ" ಎಂದು ನಗುವುದುಂಟು.

ಈ ವೈದ್ಯರ ಹೆಸರನ್ನು ನಾವು ಹೇಳುವುದಿಲ್ಲ. ಅದು ಅವರಿಗೆ ಹಿತವಲ್ಲ. ಅವರು ಇಲ್ಲಿ ಕೆಲಸ ಹಿಡಿದು ಮೂವತ್ತು ವರುಷಗಳಿಗೆ ಮಿಕ್ಕಿವೆ. ಆಗ ಹಾಲುಹಲ್ಲು ಬೀಳಿಸಿಕೊಳ್ಳಲು ಅಳುತ್ತ ಬಂದ ಹುಡುಗರು ಈಗ ತಮ್ಮ ಮಕ್ಕಳನ್ನು ಕರೆತರುತ್ತಾರೆ. ಅವರ ಕುರ್ಚಿಯ ಮೇಲೆ ಅಜ್ಜ, ಮಗ, ಮೊಮ್ಮಗ ಮೂವರೂ ಕುಳಿತದ್ದುಂಟು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಹುಟ್ಟಿನಿಂದಲೇ ಇಲ್ಲದಿರುವುದೂ, ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇರುವುದೂ ಮನೆತನದಲ್ಲಿ ಇಳಿದುಬರುತ್ತವೆ. ಹೊಸದಾಗಿ ಬಂದ ಹುಡುಗನ ಬಾಯಿ ತೆರೆಸಿ, "ನೀ ಇಂಥವರ ಮೊಮ್ಮಗ ಅಲ್ಲೇನಪಾ?" ಎಂದು ಕೇಳಿದರೆ, ಹುಡುಗ ಬಾಯಿ ಮುಚ್ಚಲಾರದೆ ಕಣ್ಣಿನಲ್ಲಿಯೇ ಹೌದೆನ್ನುತ್ತಾನೆ.

ಇಂತಹ ವೈದ್ಯರೊಬ್ಬರು ಒಂದು ಪೇಟೆಯ ಊರಿನಲ್ಲಿ ನೆಲೆಸುವುದು ಬಹಳ ಹಳೆಯ ಮಾತಲ್ಲ. ವಿದ್ಯೆ ಮಾತ್ರ ಹಳೆಯದು. ಸುಶ್ರುತ ಸಂಹಿತೆಯು ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಹಲ್ಲುಜ್ಜುವ ಕಡ್ಡಿಯು ಹನ್ನೆರಡು ಅಂಗುಲ ಉದ್ದವಿರಬೇಕೆಂದೂ, ಕಹಿಯಲ್ಲಿ ಬೇವು ಶ್ರೇಷ್ಠವೆಂದೂ ಹೇಳುತ್ತದೆ. ನಮ್ಮ ಹಿರಿಯರು ಬೇವಿನ ಕಡ್ಡಿ, ಜಾಲಿಯ ಕಡ್ಡಿಗಳನ್ನು ಬಿಟ್ಟವರಲ್ಲ. ಆದರೆ ನೋವು ಬಂದಾಗ ಗತಿಯೇನು? ಜಾತ್ರೆಯ ಬೀದಿಯ ಬದಿಯಲ್ಲಿ ಬಟ್ಟೆ ಹಾಸಿ, ಕಿತ್ತ ಹಲ್ಲುಗಳನ್ನು ರಾಶಿ ಹಾಕಿಕೊಂಡು ಕುಳಿತವನೇ ವೈದ್ಯನಾಗಿದ್ದನು. ಇಂಡಿಯಾ ದೇಶದಲ್ಲಿ ದಂತವೈದ್ಯದ ಮೊದಲ ಕಾಲೇಜನ್ನು ಡಾಕ್ಟರ್ ರಫೀಉದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದರು. ದಂತವೈದ್ಯರ ಕಾಯಿದೆ ಬಂದದ್ದು 1948ರ ಮಾರ್ಚ್ ತಿಂಗಳಲ್ಲಿ. ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ಸೇರಿಹೋದದ್ದೂ ಅದೇ ತಿಂಗಳಲ್ಲಿ. ಬೆಂಗಳೂರಿನಲ್ಲಿ ಸರ್ಕಾರದ ದಂತವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯವರು ಬೆಳಗಾವಿಯಲ್ಲಿ ಅಂತಹ ಕಾಲೇಜನ್ನು ತೆರೆದದ್ದು 1985ರಲ್ಲಿ. ಮರುವರುಷ ಧಾರವಾಡದಲ್ಲಿಯೂ ಒಂದು ಆಯಿತು. ಕಲಿತವರು ಹತ್ತಿರದ ಊರುಗಳಿಗೆ ಬಂದು ನೆಲೆಸುವುದು ಇವುಗಳಿಂದ ಸುಲಭವಾಯಿತು.

ಬಂದ ಮೇಲೆ ಅವರು ಮೊದಲು ಹೋರಾಡಬೇಕಾದದ್ದು ರೋಗದೊಡನೆ ಅಲ್ಲ, ಅಂಜಿಕೆಯೊಡನೆ. ನಮ್ಮ ಪಕ್ಕದಲ್ಲಿ ಕುಳಿತಿದ್ದ ಮುದುಕರೊಬ್ಬರು ಒಳಗೆ ಹೋದವರೇ ಕೇಳಿದರು: "ಡಾಕ್ಟರ್ ಸಾಹೇಬ್ರ, ಮ್ಯಾಲಿನ ಹಲ್ಲ ಕಿತ್ರ ಕಣ್ಣ ಹೋಗ್ತಾವ ಅಂತಾರಲ್ರಿ?" ವೈದ್ಯರು ನಗಲಿಲ್ಲ. "ಇಲ್ರಿ ಯಜ್ಜಾ. ಹಲ್ಲಿನ ನರ ಬ್ಯಾರೆ, ಕಣ್ಣು ಕಾಣಸೋ ನರ ಬ್ಯಾರೆ. ವಯಸ್ಸಾದ ಮ್ಯಾಲೆ ಹಲ್ಲೂ ಹೋಗ್ತಾವ, ಕಣ್ಣೂ ಮಂದ ಆಗ್ತಾವ. ಎರಡೂ ಕೂಡೇ ಆದ್ದರಿಂದ ಜನ ಹಂಗ ಅಂದ್ಕೊಂಡಾರ" ಎಂದರು. ಒಂದು ತಪ್ಪು ನಂಬಿಕೆಯನ್ನು ಹಳಿಯದೆ, ಅದು ಹುಟ್ಟಿದ ಬಗೆಯನ್ನು ತೋರಿಸಿ ಬಿಡಿಸಿದ ಈ ರೀತಿ ನಮಗೆ ಬಹಳ ಮೆಚ್ಚಿಕೆಯಾಯಿತು.

ತಾಯಂದಿರು ಮಾಡುವ ಒಂದು ತಪ್ಪನ್ನೂ ಅವರು ತಪ್ಪದೆ ಹೇಳುತ್ತಾರೆ. ಮಗುವಿಗೆ ಆರು ವರುಷ ತುಂಬುವ ಹೊತ್ತಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದ ಜಾಗದಲ್ಲಿ ಅದು ಬಂದುದಲ್ಲವಾದ್ದರಿಂದ ಅದನ್ನೂ ಹಾಲುಹಲ್ಲೆಂದೇ ಬಗೆದು, ಹುಳುಕು ಹಿಡಿದರೂ ಬಿದ್ದುಹೋಗುವುದಷ್ಟೆ ಎಂದು ಸುಮ್ಮನಿರುತ್ತಾರೆ. ಅದು ಬಿದ್ದರೆ ಮತ್ತೆ ಬರುವುದಿಲ್ಲ. ಹುಳುಕು ಎಂಬ ಹೆಸರಿದ್ದರೂ ಅಲ್ಲಿ ಹುಳುವಿಲ್ಲ. ಬಾಯಲ್ಲಿ ಉಳಿದ ಸಿಹಿಯನ್ನು ಕಣ್ಣಿಗೆ ಕಾಣದ ಜೀವಾಣುಗಳು ಹುಳಿ ಮಾಡುತ್ತವೆ. ಆ ಹುಳಿಯು ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಮೈಯಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತುವಿಲ್ಲ. ಆದರೆ ಮುರಿದ ಎಲುಬು ಕೂಡುವಂತೆ, ಒಮ್ಮೆ ಕುಳಿಬಿದ್ದ ಆ ಪದರ ಮತ್ತೆ ತುಂಬಿಕೊಳ್ಳುವುದಿಲ್ಲ. ಕಟಕ ರೊಟ್ಟಿಯನ್ನು ತಿಂದವರ ಮೊಮ್ಮಕ್ಕಳು ಹೊತ್ತು ಹೊತ್ತಿಗೂ ಬಿಸ್ಕತ್ತು ಮಿಠಾಯಿಗಳನ್ನು ತಿನ್ನುತ್ತಿರುವುದನ್ನು ವೈದ್ಯರು ಪುಸ್ತಕದಲ್ಲಿ ಓದಬೇಕಾಗಿಲ್ಲ. ಕುರ್ಚಿಯ ಮೇಲೆಯೇ ಕಾಣುತ್ತಾರೆ.

ಹಲ್ಲು ಊರಿನ ನೀರಿನ ಕಥೆಯನ್ನೂ ಹೇಳುತ್ತದೆ. ಫ್ಲೋರೈಡು ಮಿತಿಮೀರಿದ ನೀರನ್ನು ಎಳೆತನದಲ್ಲಿ ಕುಡಿದವರ ಹಲ್ಲಿನ ಮೇಲೆ ಸುಣ್ಣದಂತಹ ಬಿಳಿಯ ಕಲೆಗಳೋ ಕಂದುಬಣ್ಣದ ಪಟ್ಟೆಗಳೋ ಬೀಳುತ್ತವೆ. ನಮ್ಮ ದೇಶದಲ್ಲಿ ಈ ರೋಗದ ವಿಷಯ ಮೊದಲು ವರದಿಯಾದದ್ದು 1937ರಲ್ಲಿ, ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ಗದಗ ಜಿಲ್ಲೆಯ ಮುಂಡರಗಿಯ ಕಡೆ ಇದು ಇಂದಿಗೂ ಜನರನ್ನು ಕಾಡಿದೆ. ಒಂದು ಲೀಟರು ನೀರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕಲೆ ಬೀಳುವುದು ಹಲ್ಲು ವಸಡಿನೊಳಗೆ ಬೆಳೆಯುತ್ತಿರುವ ಕಾಲದಲ್ಲಿ ಮಾತ್ರ. ಆದುದರಿಂದ ಇಂತಹ ಕಲೆಯುಳ್ಳ ಸೊಸೆಯೊಬ್ಬಳು ಬಂದರೆ, ವೈದ್ಯರು ಕೇಳುವುದು ಈಗಿನ ಊರನ್ನಲ್ಲ, "ನಿಮ್ಮ ತವರ ಯಾವುದ್ರವಾ?" ಎಂದು.

ಇನ್ನು ಹೇಳಲು ಕಷ್ಟವಾದ ಮಾತು. ಬೆಳಗಾವಿ ಜಿಲ್ಲೆ ತಂಬಾಕನ್ನು ಬೆಳೆಯುವ ಜಿಲ್ಲೆ. ನಿಪ್ಪಾಣಿಯ ಹೆಸರು ಅದರಿಂದಲೇ ಪ್ರಸಿದ್ಧ. ತಂಬಾಕಿಗೆ ಸುಣ್ಣ ಬೆರೆಸಿ ಕೆನ್ನೆಯ ಒಳಗೆ ಇಟ್ಟುಕೊಳ್ಳುವುದೂ, ಮಿಸ್ರಿಯಿಂದ ಹಲ್ಲುಜ್ಜುವುದೂ ಹೊಲದ ದುಡಿತದ ಜೊತೆಗೆ ಬಂದ ಅಭ್ಯಾಸಗಳು. ಒಮ್ಮೆ ನಾವು ಕುಳಿತಿರುವಾಗ ಸವದತ್ತಿಯ ಕಡೆಯ ಒಕ್ಕಲಿಗರೊಬ್ಬರು ಬಂದರು. ವಯಸ್ಸು ಐವತ್ತರ ಒಳಗೆ. ಅವರು ಬಂದದ್ದು ಅಲುಗುತ್ತಿದ್ದ ಒಂದು ಹಲ್ಲಿಗಾಗಿ. ವೈದ್ಯರು ಕೆನ್ನೆಯನ್ನು ಸರಿಸಿ ನೋಡಿ, ಬಹಳ ಹೊತ್ತು ಮಾತನಾಡಲಿಲ್ಲ. "ಈ ಹುಣ್ಣು ಎಂದಿನಿಂದ ಐತ್ರಿ?" "ಎಳ್ಳಮಾಸಿ ಮುಂದ ಇತ್ರಿ, ನೋವಿಲ್ಲಂತ ಬಿಟ್ಟಿದ್ನಿ." ಆಗ ಮುಂಗಾರು ಕಳೆದಿತ್ತು. ಹಲ್ಲು ಕೀಳದೆ, ಚೀಟಿ ಬರೆದು, ಅಂದೇ ಬೆಳಗಾವಿಯ ಆಸ್ಪತ್ರೆಗೆ ಹೋಗಬೇಕೆಂದು ಅವರ ಮಗನ ಕೈಗೆ ಕೊಟ್ಟರು. ಆ ಮನುಷ್ಯರ ಪ್ರಾಣ ಉಳಿಯಿತು. ದವಡೆಯ ಒಂದು ಭಾಗ ಹೋಯಿತು. "ನೋವಿಲ್ಲದ ಹುಣ್ಣಿಗೇ ಹೆಚ್ಚು ಅಂಜಬೇಕು. ಎರಡು ವಾರದಲ್ಲಿ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಇಷ್ಟನ್ನು ಊರೂರಿಗೂ ಹೇಳಿ" ಎಂದು ವೈದ್ಯರು ನಮಗೆ ಹೇಳಿದರು. ಅವರ ಮಾತನ್ನು ಈ ದಿನ ನಿಮಗೆ ಒಪ್ಪಿಸಿದ್ದೇವೆ.

ಕಡೆಯದಾಗಿ, ಹಲ್ಲಿಗೂ ಚರಿತ್ರೆಗೂ ಇರುವ ನಿಜವಾದ ನಂಟನ್ನು ನಮಗೆ ತೋರಿಸಿದ ಸಂಗತಿ. ಈ ಸೀಮೆಯ ಚರಿತ್ರೆಯಲ್ಲಿ ಎಷ್ಟೋ ಭಾಗ ಕಾಗದದ ಮೇಲೆ ಇಲ್ಲ, ಬಾಯಲ್ಲಿದೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಜನರು ಲಾವಣಿಯಲ್ಲಿ ಉಳಿಸಿಕೊಂಡರು. ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆಯ ಸುದ್ದಿ ಹಾಡಾಗಿ, 'ಸಂಗ್ಯಾಬಾಳ್ಯಾ' ಎಂಬ ಸಣ್ಣಾಟವಾಗಿ ಬೆಳೆಯಿತು. 1880ರ ದಶಕದಲ್ಲಿ ಫ್ಲೀಟ್ ಎಂಬ ವಿದ್ವಾಂಸರು ಇಂತಹ ಕೆಲವು ಕನ್ನಡ ಲಾವಣಿಗಳನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚುಮಾಡಿಸಿದರು. ಅಚ್ಚಾಗದೆ ಉಳಿದವು ಹಾಡುವವರ ಜೊತೆಯಲ್ಲಿಯೇ ಇವೆ.

ಅಂತಹ ಹಾಡುಗಾರರೊಬ್ಬರು, ಹತ್ತಿರದ ಹಳ್ಳಿಯ ಅಜ್ಜ, ಕೆಲವು ವರುಷಗಳಿಂದ ಹಾಡುವುದನ್ನು ಬಿಟ್ಟಿದ್ದರು. ಮರೆವು ಹತ್ತಿದೆಯೆಂದು ಮನೆಯವರು ತಿಳಿದಿದ್ದರು. ವೈದ್ಯರ ಬಳಿ ಅವರು ಬಂದದ್ದು ರೊಟ್ಟಿ ತಿನ್ನಲಾಗದೆ, ಹಾಲಿನಲ್ಲಿ ನೆನಸಿ ನೆನಸಿ ಬೇಸತ್ತು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅಳತೆ ತೆಗೆದುಕೊಳ್ಳುವಾಗ ವೈದ್ಯರು ಮಾತಿಗೆ ಎಳೆದರು. "ಹಾಡು ಯಾಕ ಬಿಟ್ರಿ ಯಜ್ಜಾ?" ಅಜ್ಜ ಹೇಳಿದರು: "ಹಾಡು ಮರತಿಲ್ರಿ. ಅಕ್ಷರ ಬಾಯಾಗ ನಿಲ್ಲವಲ್ದು. ಮಂದಿ ನಗತಾರ." ವ್ಯಾಕರಣ ಓದಿದವರೆಲ್ಲರೂ ಬಲ್ಲರು: ತ, ಥ, ದ, ಧ, ನ ಇವು ದಂತ್ಯಗಳು, ನಾಲಗೆಯು ಹಲ್ಲಿಗೆ ತಾಗಿದರಲ್ಲದೆ ಇವು ಹುಟ್ಟುವುದಿಲ್ಲ. 'ಸ'ಕಾರವೂ ಹಾಗೆಯೇ. ಹಲ್ಲಿಲ್ಲದ ಬಾಯಲ್ಲಿ ಸಂಗೊಳ್ಳಿಯೂ ಸರಿಯಾಗದು, ದೇಸಾಯಿಯೂ ಸರಿಯಾಗದು. ನಾವು ಈ ಸೂತ್ರವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ತಿಳಿದದ್ದು ಅಂದು.

ಕಟ್ಟಿಸಿದ ಹಲ್ಲು ಮೊದಲ ಸಲ ಸರಿಹೋಗಲಿಲ್ಲ. ಕೆಳಗಿನದು ಜಾರುತ್ತಿತ್ತು, ವಸಡು ಸವೆದ ಮುಪ್ಪಿನಲ್ಲಿ ಅದು ಸಾಮಾನ್ಯ. ಅಜ್ಜ ಸಿಟ್ಟಿನಿಂದ ಅದನ್ನು ವಸ್ತ್ರದಲ್ಲಿ ಕಟ್ಟಿ ತಂದರು. ವೈದ್ಯರು ಒತ್ತುವ ಕಡೆ ತೇದು, ಮತ್ತೆ ಕೂಡಿಸಿ, ದಿನವೂ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿರಿ ಎಂದರು. ಓದು ಬಾರದೆಂದು ಅಜ್ಜ ಹೇಳಲು, "ಹಂಗಾರ ಹಾಡ್ರಿ" ಎಂದರು. ಮೂರನೆಯ ಸಲ ಬಂದಾಗ ಜೊತೆಯಲ್ಲಿ ಮೊಮ್ಮಗಳಿದ್ದಳು. ಬೆಂಚಿನ ಮೇಲಿನವರು ಕೇಳಿಕೊಂಡರು. ಅಜ್ಜ ಒಂದು ಕೈಯನ್ನು ಕಿವಿಗೆ ಹಚ್ಚಿ ರಾಯಣ್ಣನ ಲಾವಣಿಯನ್ನು ಎತ್ತಿದರು. ನಡುನಡುವೆ ನಿಂತರು, ಆದರೆ ಅಕ್ಷರ ಬಿಡಲಿಲ್ಲ. ಹುಡುಗಿಯು ಶಾಲೆಯ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದುಕೊಂಡಳು. ಆ ಅಜ್ಜ ಈಗ ಇಲ್ಲ. ನೋಟುಪುಸ್ತಕ ಇದೆ.

ಶ್ರೋತೃಗಳೇ, ನಿಮ್ಮ ಊರಿನಲ್ಲಿಯೂ ಇಂತಹ ವೈದ್ಯರೊಬ್ಬರು ಇರಬಹುದು. ನೋವು ಬರುವುದಕ್ಕೆ ಮೊದಲು ಒಮ್ಮೆ ಅವರನ್ನು ಕಾಣಿರಿ. ಹೋಗುವಾಗ ಮನೆಯ ಆರು ವರುಷದ ಮಗುವನ್ನೂ, ಹಾಡು ಬಿಟ್ಟ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ನಮ್ಮ ಹಲ್ಲಿನ ವಿಷಯವನ್ನು ಹೇಳಿ ಮುಗಿಸುತ್ತೇವೆ: ಮೂರು ತಿಂಗಳು ಮೊದಲು ಹೋಗಿದ್ದರೆ ಅದು ಉಳಿಯುತ್ತಿತ್ತು. ಈಗ ಅದರ ಜಾಗ ಬರಿದಾಗಿದೆ.