ಗೇಟಿನ ಮುಂದೆ ನಿಂತವರು, ಗೇಟೇ ಇಲ್ಲದವರು

(ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆಟ್ಟದಲ್ಲಿ ಅಗೆದ ಅದಿರು ತೋರಣಗಲ್ಲಿನ ಕಾರ್ಖಾನೆಗೆ ಹೋಗಿ, ಉಕ್ಕಾಗಿ, ಯಾವುದೋ ಊರಿನ ಯಾವುದೋ ಪೇಟೆಯನ್ನು ಸೇರುತ್ತದೆ. ಸರಕಿನ ಸರಪಳಿ ಎಂದರೇನು ಎಂಬುದನ್ನು ವಡ್ಡುವಿನ ಜನರಿಗೆ ಪುಸ್ತಕ ತೆರೆದು ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಇಂದಿನ ವಿಷಯ ಅದಿರಲ್ಲ, ಅಂಗಿ. ಅಂಗಡಿಯ ಗಾಜಿನ ಹಿಂದೆ ತೂಗುವ ಅಂಗಿಯನ್ನು ಹೊಲಿದ ಕೈಗೆ, ಆ ಅಂಗಡಿಯ ಮೇಲೆ ಏನಾದರೂ ಹಿಡಿತವಿದೆಯೇ ಎಂಬುದು ಪ್ರಶ್ನೆ.

ಶ್ರೀರಂಗಪಟ್ಟಣದಲ್ಲಿ 2020ರ ಜೂನ್ ತಿಂಗಳಿನಲ್ಲಿ ನಡೆದುದನ್ನು ಮೊದಲು ನೋಡಬೇಕು. ಅಲ್ಲಿ ಗೋಕುಲದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಗೆ ಸೇರಿದ ಒಂದು ಸಿದ್ಧ ಉಡುಪು ಘಟಕವಿತ್ತು. ಹೊಲಿಯುತ್ತಿದ್ದುದು ಮುಖ್ಯವಾಗಿ ಸ್ವೀಡನ್ ದೇಶದ ಎಚ್ ಅಂಡ್ ಎಂ ಸಂಸ್ಥೆಗೆ. ದುಡಿಯುತ್ತಿದ್ದವರು ಸುಮಾರು 1,200 ಮಂದಿ, ಬಹುಪಾಲು ಮಹಿಳೆಯರು. ಕೊರೋನಾ ಕಾಲದಲ್ಲಿ ಆರ್ಡರುಗಳು ಕಡಿಮೆಯಾದವೆಂದು ಹೇಳಿ ಆಡಳಿತವು ಯಂತ್ರಗಳನ್ನು ಸಾಗಿಸಲು ತೊಡಗಿದಾಗ ಕಾರ್ಮಿಕರು ಅಡ್ಡನಿಂತರು. ಬೆನ್ನಲ್ಲೇ ಅಷ್ಟೂ ಜನರನ್ನು ಲೇ ಆಫ್ ಮಾಡಲಾಯಿತು. ಅದೇ ಕಂಪನಿಯ ಬೇರೆ ಘಟಕಗಳು ನಡೆಯುತ್ತಲೇ ಇದ್ದವು. ಸಂಘಟನೆ ಬಲವಾಗಿದ್ದ ಈ ಘಟಕವನ್ನೇ ಆರಿಸಿದ್ದೇಕೆ ಎಂದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಕೇಳಿತು.

ಕೆಲಸವೇ ನಿಂತ ಕಾರ್ಖಾನೆಯಲ್ಲಿ ಮುಷ್ಕರ ಹೂಡುವುದು ಹೇಗೆ? ಕೆಲಸ ನಿಲ್ಲಿಸುವ ಬೆದರಿಕೆಗೆ ಅಲ್ಲಿ ಅರ್ಥವೇ ಇರಲಿಲ್ಲ. ಆದ್ದರಿಂದ ಆ ಹೆಣ್ಣುಮಕ್ಕಳು ವಾರಗಟ್ಟಲೆ ಗೇಟಿನ ಮುಂದೆ ಕುಳಿತರು. ಜೊತೆಗೆ ದೂರು ಗೇಟನ್ನು ದಾಟಿ, ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟವಾದ ಇಂಡಸ್ಟ್ರಿಆಲ್ ಮೂಲಕ ಖರೀದಿದಾರನ ಬಾಗಿಲಿಗೆ ಹೋಯಿತು. ಎಷ್ಟೋ ಜನ ಹಸಿವಿಗೆ ಸೋತು ರಾಜೀನಾಮೆ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡರು; ಇದನ್ನು ಮರೆಮಾಚಿ ವಿಜಯದ ಕಥೆಯನ್ನಷ್ಟೇ ಹೇಳುವುದು ಪ್ರಾಮಾಣಿಕವಲ್ಲ. 2021ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಕಂಪನಿಯು ತನ್ನ ಬೇರೆ ಘಟಕಗಳಲ್ಲಿ ಕಾರ್ಮಿಕರಿಗೆ ಮತ್ತೆ ಕೆಲಸ ನೀಡಲು ಮತ್ತು ಸಂಘಕ್ಕೆ ಮನ್ನಣೆ ಕೊಡಲು ಒಪ್ಪಿತು. ಶ್ರೀರಂಗಪಟ್ಟಣದ ಕಾರ್ಖಾನೆ ಮಾತ್ರ ಮರಳಿ ತೆರೆಯಲಿಲ್ಲ.

ಬ್ರ್ಯಾಂಡ್ ಹೆಸರಿನ ಕಂಪನಿಗೆ ಸ್ವಂತ ಕಾರ್ಖಾನೆ ಇರುವುದಿಲ್ಲ. ಹೆಸರೇ ಅದರ ಆಸ್ತಿ. ಹೆಸರು ಕೆಡುವುದೆಂಬ ಭಯ ಅದರ ಒಂದು ದೌರ್ಬಲ್ಯ, ಕಾಲ ಇನ್ನೊಂದು. ಬೇಸಿಗೆಯ ಉಡುಪು ಬೇಸಿಗೆಗೆ ಮೊದಲೇ ಅಂಗಡಿ ಸೇರಬೇಕು. ತಡವಾದರೆ ಹಡಗಿನಲ್ಲಿ ಹೋಗಬೇಕಾದ ಸರಕನ್ನು ವಿಮಾನದಲ್ಲಿ ಕಳುಹಿಸಬೇಕಾಗುತ್ತದೆ, ಆ ವೆಚ್ಚವನ್ನು ಸಾಮಾನ್ಯವಾಗಿ ಹೊಲಿಸಿಕೊಟ್ಟ ಮಾಲೀಕನ ತಲೆಗೇ ಕಟ್ಟಲಾಗುತ್ತದೆ. ಆದುದರಿಂದಲೇ ಹೊಲಿಗೆ ಸಾಲಿನ ಪ್ರತಿ ಗಂಟೆಗೂ ಗುರಿ, ಗುರಿ ತಪ್ಪಿದರೆ ಬೈಗುಳ. ಅದೇ ಕಾರಣದಿಂದ ಒಂದು ದಿನದ ಕೆಲಸ ನಿಂತರೂ ಮಾಲೀಕನ ಎದೆ ನಡುಗುತ್ತದೆ.

ಅಂತಹ ದಿನಗಳು 2016ರಲ್ಲಿ ಬಂದವು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ಹಿಂಪಡೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ವಿರುದ್ಧ, ಏಪ್ರಿಲ್ 18ರಂದು ಬೆಂಗಳೂರಿನ ಬೊಮ್ಮನಹಳ್ಳಿಯ ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಯಾವ ದೊಡ್ಡ ಸಂಘದ ಕರೆಯೂ ಇರಲಿಲ್ಲ. ಮರುದಿನ ಪೀಣ್ಯ, ಮೈಸೂರು ರಸ್ತೆಗಳಿಗೂ ಹಬ್ಬಿತು. ಲಾಠಿ ಬೀಸಿತು, ವಾಹನಗಳು ಸುಟ್ಟವು. ಆ ಸಂಜೆಯೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅಧಿಸೂಚನೆಯನ್ನು ಹಿಂಪಡೆಯುವುದಾಗಿ ಪ್ರಕಟಿಸಿದರು. ದೇಶದ ಕೋಟ್ಯಂತರ ದುಡಿಮೆಗಾರರ ಹಣದ ಪ್ರಶ್ನೆಯನ್ನು ಬೆಂಗಳೂರಿನ ಹೊಲಿಗೆ ಹೆಂಗಸರು ಎರಡು ದಿನದಲ್ಲಿ ಬಗೆಹರಿಸಿದರು. ಇಂದು ಅದೇ ಕೆಲಸ ಕಾನೂನುಬಾಹಿರವಾದೀತು: 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವುದೇ ಕಾರ್ಖಾನೆಯಲ್ಲಿ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಕು. ಅದೇ ಸಂಹಿತೆಯು, ಲೇ ಆಫ್ ಮಾಡಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕಾದ ಕಾರ್ಖಾನೆಗಳ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದೆ.

ಇಷ್ಟು ಗೇಟಿರುವವರ ಮಾತು. ಬಳ್ಳಾರಿಯ ಜೀನ್ಸ್ ಉದ್ಯಮಕ್ಕೆ ಬಂದರೆ ಚಿತ್ರ ಬೇರೆ. ಅಲ್ಲಿ ಕತ್ತರಿಸುವುದು ಒಂದೆಡೆ, ಹೊಲಿಯುವುದು ಗಲ್ಲಿಯ ಮನೆಗಳಲ್ಲಿ, ಗುಂಡಿ ಹಾಕುವುದು ಮತ್ತೊಂದೆಡೆ, ಒಗೆಯುವುದು ವಾಷಿಂಗ್ ಘಟಕದಲ್ಲಿ. ಪೀಸಿಗಿಷ್ಟು ಎಂಬ ಕೂಲಿ. ಮನೆಯ ಹೊಸ್ತಿಲೇ ಕಾರ್ಖಾನೆಯ ಗೇಟಾದಾಗ ಯಾರ ಮುಂದೆ ಧರಣಿ ಕೂರಬೇಕು? ಈ ಚದುರಿದ ಸರಪಳಿಯಲ್ಲಿ ಎಲ್ಲ ಬಟ್ಟೆಯೂ ಹಾಯಬೇಕಾದ ಕಿರಿದಾದ ಕಣಿವೆಯೆಂದರೆ ವಾಷಿಂಗ್ ಘಟಕ. ಬಣ್ಣದ, ರಾಸಾಯನಿಕದ ನೀರು ಚರಂಡಿಗೂ ಹೊಲಕ್ಕೂ ಹರಿಯುವುದೂ ಅಲ್ಲಿಂದಲೇ. ಪರಿಸರದವರು ಅಲ್ಲಿ ಬೀಗ ಹಾಕಿಸಿದರೆ ಮೊದಲು ಖಾಲಿಯಾಗುವುದು ಹೊಲಿಯುವವರ ಒಲೆ. ಮುಂಬಯಿಯ ಸಗಟು ವ್ಯಾಪಾರಿ ಬೇರೆ ಊರಿಗೆ ಹೋಗುತ್ತಾನೆ.

ಈ ಅನುಭವ ಸಂಡೂರಿಗೆ ಹೊಸದಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಬೆಟ್ಟ ಉಸಿರಾಡಿತು, ಪರಿಸರ ಚಳವಳಿ ಸಂಭ್ರಮಿಸಿತು. ಆ ಸಂಭ್ರಮ ನ್ಯಾಯವಾದದ್ದೇ. ಆದರೆ ಸಾಲದ ಲಾರಿ ಮನೆ ಮುಂದೆ ನಿಂತವನ, ಅದಿರು ಆರಿಸುವ ಕೂಲಿ ಕಳೆದುಕೊಂಡವಳ ಮನೆಗೆ ಹೋಗಿ ಬಂದವರು ಕಡಿಮೆ. ಲೂಟಿಯಲ್ಲಿ ಅತ್ಯಂತ ಸಣ್ಣ ಪಾಲು ಪಡೆದವರೇ ದಂಡದಲ್ಲಿ ದೊಡ್ಡ ಪಾಲು ತೆತ್ತರು.

ಈಗ ಬೆಟ್ಟದಿಂದ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸಲು ಕೊಳವೆಯಾಕಾರದ ಕನ್ವೇಯರ್ ಬಂದಿದೆ. ರಸ್ತೆಯಲ್ಲಿ ಲಾರಿ ಕಡಿಮೆಯಾದಷ್ಟೂ ಧೂಳು ಕಡಿಮೆ. ಚಳವಳಿ ಕೇಳುತ್ತ ಬಂದದ್ದೂ ಅದನ್ನೇ. ಆದರೆ ಲಾರಿ ನಿಲ್ಲಿಸಿ ಮಾತುಕತೆಗೆ ಕರೆಯುವ ಶಕ್ತಿ ಚಾಲಕರಿಗಿತ್ತು, ಕನ್ವೇಯರಿಗೆ ಚಾಲಕನಿಲ್ಲ. ಧೂಳು ಬೇಡವೆಂಬ ಬೇಡಿಕೆಪಟ್ಟಿಯಲ್ಲಿ ಆ ಚಾಲಕನ ಮುಂದಿನ ಕೆಲಸದ ಮಾತು ಒಂದು ಸಾಲಾಗಿಯಾದರೂ ಇತ್ತೇ? ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾಗಿರುವ ಹಣ ಸಾವಿರಾರು ಕೋಟಿ ರೂಪಾಯಿ. ಅದರಲ್ಲಿ ಗಿಡ, ರಸ್ತೆ, ಕಟ್ಟಡಗಳಿಗೆಷ್ಟು, ಕೆಲಸ ಕಳೆದುಕೊಂಡ ಮನೆಗಳಿಗೆಷ್ಟು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ವಡ್ಡುವಿನ ಪ್ರತಿಯೊಬ್ಬರಿಗೂ ಇದೆ. ಮುಂದಿನ ಗ್ರಾಮಸಭೆಗೆ ಲಾರಿ ಚಾಲಕರೂ ಗುತ್ತಿಗೆ ಕಾರ್ಮಿಕರೂ ಬರುವಂತೆ ಪಾಳಿ ನೋಡಿ ಹೊತ್ತು ಗೊತ್ತುಮಾಡಬೇಕು. ಬೆಳಗಿನ ಹನ್ನೊಂದಕ್ಕೆ ಕರೆದರೆ ಅವರು ಬರಲಾರರು.